ಪಾದದ ಎಲುಬಿಗೆ ಹತ್ತಿದ ಫಂಗಸ್: ಪುಣೆದಾಗ ಮಾಡಿಸಿದ ಟ್ರೀಟ್‌ಮೆಂಟ್ ಬಗ್ಗೆ ನನ್ನ ರಿವ್ಯೂ

ರಿವ್ಯೂ ಉದ್ದ ಅದ, ಆದ್ರ ಪೂರ್ತಿ ಓದ್ರಿ, ಯಾಕಂದ್ರ ಈ ರೋಗದ ಬಗ್ಗೆ ಕನ್ನಡದಾಗ ಎಷ್ಟ ಹುಡುಕಿದ್ರೂ ನನಗ ಉಪಯೋಗಕ್ಕ ಬರೋವಂಥದ್ದು ಒಂದೂ ಸಿಗಲಿಲ್ಲ. ಪೇಶಂಟ್ ನಮ್ಮ ಸೋದರಮಾಮಾ, ಇಂಡಿ ತಾಲ್ಲೂಕಿನ್ಯಾಗ ನಿಂಬಿ ತೋಟ ಅದ, ನಾನು ಪಿಂಪ್ರಿಯೊಳಗ ಇರ್ತೀನಿ ಅದಕ್ಕ ಸೋಲಾಪುರದಿಂದ ಟ್ರೇನ್ ಹತ್ತಿಸಿ ಇಲ್ಲೇ ಕರಕೊಂಡು ಬಂದ್ವಿ. ತೋರಿಸಿದ್ದು ಪುಣೆದ ಒಂದು ದೊಡ್ಡ ಟ್ರಸ್ಟ್ ದವಾಖಾನಿಯೊಳಗ. ಹೆಸರು ಬರಿಯಂಗಿಲ್ಲ, ಯಾಕಂದ್ರ ಹೆಸರಿಗಿಂತ ಅವರು ಯಾವ ರೀತಿ ಟ್ರೀಟ್‌ಮೆಂಟ್ ಮಾಡಿದ್ರು ಅನ್ನೋದು ನಿಮಗ ಬೇಕು, ಅದನ್ನ ನೀವು ಯಾವ ಊರಿನ ದವಾಖಾನಿಗೆ ಹೋದ್ರೂ ಕೇಳಬಹುದು. ನನ್ನ ಮಾರ್ಕ್ಸ್ 5ಕ್ಕ 4, ಟ್ರೀಟ್‌ಮೆಂಟಿಗೆ ಪೂರ್ತಿ 5, ಒಂದು ಮಾರ್ಕ್ ಎಲ್ಲಿ ಹೋತು ಅಂತ ಕೆಳಗ ಬರದೀನಿ.

ಮೊದಲ ರೋಗ ಏನು ಅಂತ ಹೇಳ್ತೀನಿ. ಹೊಲದಾಗ ಬರಿಗಾಲಿಲೆ ಅಡ್ಡಾಡೋರಿಗೆ ಜಾಲಿ ಮುಳ್ಳು, ನಿಂಬಿ ಮುಳ್ಳು ಚುಚ್ಚೋದು ದಿನಾ ಇದ್ದಿದ್ದ, ಮುಳ್ಳಿನ ಜೋಡಿ ಮಣ್ಣಾಗಿನ ಫಂಗಸ್ ಚರ್ಮದ ಒಳಗ ಹೋಗಿ ಕುಂತ್ಕೊತದ. ಆಮ್ಯಾಲ ವರ್ಷಗಟ್ಲೆ ಸಾವಕಾಶ ಬೆಳಿತದ, ಮೊದ್ಲು ಒಂದು ಗಂಟು, ನೋವು ಇರಂಗಿಲ್ಲ ಅದಕ್ಕ ಯಾರೂ ಲಕ್ಷ್ಯ ಕೊಡಂಗಿಲ್ಲ, ನಂತರ ಪಾದ ದಪ್ಪ ಆಗ್ತದ, ಅಲ್ಲಲ್ಲಿ ತೂತು ಬಿದ್ದು ಕೀವು ಬರ್ತದ, ಆ ಕೀವಿನ್ಯಾಗ ಸಣ್ಣ ಸಣ್ಣ ಕಾಳು ಇರ್ತಾವ. ಬಾವು, ತೂತು, ಕಾಳು, ಈ ಮೂರೂ ಒಂದ ಕಡೆ ಕಂಡ್ರ ಅದು ಮೈಸಿಟೋಮಾ ಇರಬಹುದು ಅಂತ ಡಾಕ್ಟ್ರು ಮೊದ್ಲ ವಿಚಾರ ಮಾಡಬೇಕು. ಇದನ್ನ ಮದುರಾ ಫುಟ್ ಅಂತಾನೂ ಅಂತಾರ, 1842ರಾಗ ಮದುರೈ ಕಡೆ ಇದನ್ನ ನೋಡಿ ಬರೆದಿಟ್ಟಿದ್ರು. ಅದು ಫಂಗಸ್‌ನಿಂದ ಬರ್ತದ ಅಂತ ಹೇಳಿದವ್ರು ನಮ್ಮ ಮುಂಬೈದಾಗ, ಗ್ರಾಂಟ್ ಮೆಡಿಕಲ್ ಕಾಲೇಜಿನ್ಯಾಗ ಕಲಿಸ್ತಿದ್ದ ಹೆನ್ರಿ ವ್ಯಾಂಡೈಕ್ ಕಾರ್ಟರ್, 1860ರ ಸುಮಾರಿಗೆ. ಅಂದ್ರ ಇಲ್ಲಿಂದ ಮೂರು ತಾಸಿನ ದಾರಿ ಇರೋ ಊರಾಗ 160 ವರ್ಷದ ಹಿಂದ ಗೊತ್ತಾಗಿದ್ದ ರೋಗ, ಇವತ್ತಿಗೂ ನಮ್ಮ ಹಳ್ಳಿ ಮಂದಿಗೆ ಟೈಮಿಗೆ ಗೊತ್ತಾಗವಲ್ದು. ಡಬ್ಲ್ಯೂಎಚ್ಓ ಇದನ್ನ ಅಲಕ್ಷ್ಯ ಆದ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಾಗ. ಇದು ಬಡವರ ಕಾಲಿನ ರೋಗ ಅಂತ ಇಷ್ಟು ತಡ ಆತು ಅಂತ ನನಗ ಅನ್ನಿಸ್ತದ, ಅದಕ್ಕ ಸಿಟ್ಟೂ ಬರ್ತದ.

ಪುಣೆಗೆ ಬರೋಕಿಂತ ಮುಂಚೆ ಊರ ಕಡೆ ಏನೇನಾಗಿತ್ತು ಅಂದ್ರ, ಒಬ್ರು ಡಾಕ್ಟ್ರು ಕೊಯ್ದು ಕೀವು ತೆಗೆದು ಆಂಟಿಬಯೋಟಿಕ್ ಕೊಟ್ರು, ಇನ್ನೊಬ್ರು ಫಂಗಸ್ ಇರಬಹುದು ಅಂತ ಫ್ಲುಕೊನಜೋಲ್ ಬರದ್ರು, ಮೂರನೇದವ್ರು ಎಕ್ಸ್‌ರೇದಾಗ ಎಲುಬು ತಿಂದಂಗ ಕಾಣ್ತದ ಇದು ಎಲುಬಿನ ಟಿಬಿ ಅಂತ ಹೇಳಿ ಟಿಬಿ ಗುಳಿಗಿ ಚಾಲೂ ಮಾಡಿದ್ರು. ಮೂರೂ ಕಡೆ ಒಂದು ತುಣುಕು ತೆಗೆದು ಟೆಸ್ಟಿಗೆ ಕಳಿಸಿದವ್ರು ಯಾರೂ ಇಲ್ಲ. ಎಲುಬಿನ ಟಿಬಿ ನಮ್ಮ ದೇಶದಾಗ ಸಾಕಷ್ಟು ಅದ ಅದಕ್ಕ ಅನುಮಾನ ಬರೋದು ಸಹಜ, ಆದ್ರ ಬಯಾಪ್ಸಿ ಇಲ್ದ ತಿಂಗಳಗಟ್ಲೆ ಗುಳಿಗಿ ನುಂಗಿಸೋದು ಸರಿ ಅಲ್ಲ ಅಂತ ಈಗ ನನಗ ಖಾತ್ರಿ ಆಗ್ಯಾದ.

ಪುಣೆದಾಗ ಮೊದಲನೇ ದಿನಾನ ಫರಕ್ ಗೊತ್ತಾತು. ಆರ್ಥೋ ಸರ್ಜನ್ ಕಾಲು ನೋಡಿದ್ರು, ಎಕ್ಸ್‌ರೇ ಎಂಆರ್‌ಐ ನೋಡಿದ್ರು, ನಾಲ್ಕನೇ ಬೆರಳಿನ ಹಿಂದಿನ ಉದ್ದ ಎಲುಬಿನ್ಯಾಗ ದೊಡ್ಡ ದೊಡ್ಡ ಗುಳಿ ಬಿದ್ದಿದ್ವು, ಎಂಆರ್‌ಐದಾಗ ಬಿಳಿ ದುಂಡಗಿನ ಗುರುತಿನ ನಡುವ ಕರಿ ಚುಕ್ಕಿ ಕಾಣ್ತಿತ್ತು, ಅದು ಈ ರೋಗದ ಗುರುತಂತ. ಆಪರೇಷನ್ ಯಾವಾಗ ಅಂತ ನಾವು ಕೇಳಿದ್ರ ಅವರು ಆಪರೇಷನ್ ಸುದ್ದೀನ ಎತ್ತಲಿಲ್ಲ, ಮೊದ್ಲು ಇನ್ಫೆಕ್ಷನ್ ಡಾಕ್ಟ್ರನ್ನ ನೋಡ್ರಿ ಅಂತ ಅದ ದಿನ ಅದ ಬಿಲ್ಡಿಂಗಿನ ಮ್ಯಾಲಿನ ಮಾಳಿಗಿಗೆ ಕಳಿಸಿದ್ರು. ಇನ್ಫೆಕ್ಷಿಯಸ್ ಡಿಸೀಸ್ ಅಂತ ಒಂದು ಸ್ಪೆಶಾಲಿಟಿ ಅದ ಅಂತ ನಮಗ ಅಲ್ಲಿ ತನಕ ಗೊತ್ತಿರ್ಲಿಲ್ಲ. ಆ ಮೇಡಂ ಮಾಮಾನ ಎಲ್ಲಾ ಹಳೇ ಚೀಟಿ ಹರಡಿಕೊಂಡು ಕುಂತು ಒಂದೊಂದ ಓದಿದ್ರು, ಹೊಲದಾಗ ಏನು ಬೆಳಿತೀರಿ, ಚಪ್ಪಲ್ ಹಾಕೋತೀರೇನು, ಮುಳ್ಳು ಯಾವಾಗ ಚುಚ್ಚಿತ್ತು ಅಂತ ಎಲ್ಲಾ ಕೇಳಿದ್ರು, ಮಾಮಾಗ ಮರಾಠಿ ಅರ್ಧಂಬರ್ಧ ಬರ್ತದ, ಉಳಿದಿದ್ದು ನಾನು ಹೇಳ್ದೆ.

ಈಗ ಮುಖ್ಯ ವಿಷಯ. ಅವರು ಬಯಾಪ್ಸಿ ಆಗೋತನಕ ಫಂಗಸ್ ಔಷಧಿ ಒಂದೂ ಕೊಡಲಿಲ್ಲ. ಯಾಕಂದ್ರ ಇದೇ ತರ ಕಾಣೋ ರೋಗ ಎರಡು ಅವ, ಒಂದು ಖರೇ ಫಂಗಸ್‌ದು, ಇನ್ನೊಂದು ಬ್ಯಾಕ್ಟೀರಿಯಾದ್ದು. ಬ್ಯಾಕ್ಟೀರಿಯಾದ್ದಿದ್ರ ಕೋಟ್ರೈಮಾಕ್ಸಜೋಲ್, ಅಮಿಕಾಸಿನ್ ಇಂಥಾ ಆಂಟಿಬಯೋಟಿಕ್‌ಗೇ ಭಾಳ ಮಂದಿಗೆ ವಾಸಿ ಆಗ್ತದ, ಆಪರೇಷನ್ ಬೇಕಾಗೋದೂ ಕಡಿಮಿ. ಫಂಗಸ್‌ದಿದ್ರ ಆ ಔಷಧಿ ಏನೂ ಕೆಲಸ ಮಾಡಂಗಿಲ್ಲ, ಬ್ಯಾರೆ ಗುಳಿಗಿ ಬೇಕು, ಭಾಳ ದಿನ ಬೇಕು, ಮ್ಯಾಲ ಚಾಕುನೂ ಬೇಕು. ಹೊರಗಿಂದ ನೋಡಿ ಎರಡನ್ನೂ ಬ್ಯಾರೆ ಮಾಡಾಕ ಆಗಂಗಿಲ್ಲ. ಕಾಳಿನ ಬಣ್ಣ ಸ್ವಲ್ಪ ಸುಳಿವು ಕೊಡ್ತದ, ಕರಿ ಇದ್ರ ಸಾಮಾನ್ಯವಾಗಿ ಫಂಗಸ್, ಕೆಂಪು ಇದ್ರ ಬ್ಯಾಕ್ಟೀರಿಯಾ, ಬಿಳಿ ಹಳದಿ ಇದ್ರ ಎರಡೂ ಇರಬಹುದು. ಅಂದ್ರ ಟೆಸ್ಟ್ ಬೇಕೇ ಬೇಕು.

ಬಯಾಪ್ಸಿ ಓಟಿಯೊಳಗ ಮಾಡಿದ್ರು, ಮ್ಯಾಲಿನ ತೂತಿನ ಕೀವು ಒರೆಸಿ ಕಳಿಸಿದ್ರ ಅದರಾಗ ಬ್ಯಾರೆ ಬ್ಯಾಕ್ಟೀರಿಯಾ ಸೇರಿರ್ತಾವ ಅಂತ ಒಳಗ ಆಳದಿಂದ ತುಣುಕು ತೆಗೆದ್ರು. ಇಲ್ಲಿ ಒಂದು ಸಣ್ಣ ಮಾತು ಅದ, ಇದನ್ನ ಎಲ್ಲಾರೂ ನೆನಪಿಟ್ಕೋರಿ, ತುಣುಕನ್ನ ಎರಡು ಬಾಟಲಿಗೆ ಹಾಕಬೇಕು. ಒಂದು ಫಾರ್ಮಲಿನ್ ಬಾಟಲಿ, ಅದು ಹಿಸ್ಟೋಪೆಥಾಲಜಿಗೆ, ಅಲ್ಲಿ ಬಣ್ಣ ಹಾಕಿ ಮೈಕ್ರೋಸ್ಕೋಪ್‌ದಾಗ ನೋಡ್ತಾರ. ಇನ್ನೊಂದು ಸ್ಟೆರೈಲ್ ಸಲೈನ್ ಬಾಟಲಿ, ಅದು ಮೈಕ್ರೋಬಯಾಲಜಿಗೆ, ಅಲ್ಲಿ ತುಣುಕಿನೊಳಗಿನ ಫಂಗಸ್ ಬೆಳಸಿ ನೋಡ್ತಾರ, ಅದಕ್ಕ ಕಲ್ಚರ್ ಅಂತಾರ. ಎಲ್ಲಾ ಫಾರ್ಮಲಿನ್‌ದಾಗ ಹಾಕಿಬಿಟ್ರ ಫಂಗಸ್ ಸತ್ತು ಹೋಗ್ತದ, ಕಲ್ಚರ್ ಬರಂಗಿಲ್ಲ, ಮತ್ತೊಮ್ಮೆ ಕೊಯ್ಬೇಕು. ನಮ್ಮ ಸರ್ಜನ್ ಓಟಿಯಿಂದ ಹೊರಗ ಬಂದು ಎರಡೂ ಬಾಟಲಿ ನನಗ ತೋರಿಸಿ ಯಾವುದು ಎಲ್ಲಿಗೆ ಅಂತ ಹೇಳಿದ್ರು, ಟಿಬಿ ಸಲುವಾಗಿ ಜೀನ್‌ಎಕ್ಸ್‌ಪರ್ಟ್ ಅನ್ನೋ ಟೆಸ್ಟಿಗೂ ಒಂದು ಪಾಲು ಹೋತು. ಪೇಶಂಟ್ ಕಡೆಯವರಿಗೆ ಇಷ್ಟು ಬಿಡಿಸಿ ಹೇಳೋ ಸರ್ಜನ್‌ನ ನಾನು ಮೊದ್ಲು ನೋಡಿರ್ಲಿಲ್ಲ.

ಟಿಬಿ ಇಲ್ಲ ಅಂತ ಬಂತು. ಹಿಸ್ಟೋಪೆಥಾಲಜಿದಾಗ ಕರಿ ಕಾಳು, ಅದರೊಳಗ ಫಂಗಸ್‌ನ ಎಳೆ ಕಂಡ್ವು. ಕಲ್ಚರ್ ಮಾತ್ರ ತಡ, ಈ ಫಂಗಸ್ ಸಾವಕಾಶ ಬೆಳಿತದ ಅದಕ್ಕ 4ರಿಂದ 6 ವಾರ ಪ್ಲೇಟ್ ಇಟ್ಟು ನೋಡ್ತಾರ, ಅವಸರ ಮಾಡಿ ಒಂದು ವಾರಕ್ಕ ನೆಗೆಟಿವ್ ಅಂತ ಬಿಸಾಡೋ ಲ್ಯಾಬ್ ಇದಕ್ಕ ನಡಿಯಂಗಿಲ್ಲ. ಕೊನೆಗೆ ಇದು ಮ್ಯಾಡುರೆಲ್ಲಾ ಮೈಸಿಟೋಮ್ಯಾಟಿಸ್ ಅನ್ನೋ ಫಂಗಸ್ ಅಂತ ರಿಪೋರ್ಟ್ ಬಂತು.

ಈ ರಿಪೋರ್ಟ್ ಕೇಳಿ ಊರಾಗ ಒಂದು ಗದ್ದಲ ಆತು, ಕರಿ ಕಾಳು ಅಂದಿದ್ದಕ್ಕ ಮಂದಿ ಬ್ಲ್ಯಾಕ್ ಫಂಗಸ್ ಅಂತ ತಿಳಕೊಂಡು ಹೆದರಿಬಿಟ್ರು. 2021ರಾಗ ಕೊರೋನಾ ನಂತರ ಬಂದಿತ್ತಲ್ಲ, ದವಡಿ ಎಲುಬು ತೆಗೆದಿದ್ದು, ಕಣ್ಣು ತೆಗೆದಿದ್ದು, ಆಂಫೋಟೆರಿಸಿನ್ ಇಂಜೆಕ್ಷನ್ ಸಿಗಲಾರದ ಮಂದಿ ಪುಣೆ ಸೋಲಾಪುರ ತುಂಬ ಅಡ್ಡಾಡಿದ್ದು, ಅದೆಲ್ಲಾ ಯಾರೂ ಮರೆತಿಲ್ಲ. ಅದು ಮ್ಯೂಕರ್, ಬ್ಯಾರೆ ಜಾತಿ ಫಂಗಸ್, ಶುಗರ್ ಜಾಸ್ತಿ ಇದ್ದವರಿಗೆ ದಿನಗಳೊಳಗ ಹಬ್ಬತದ, ಅದಕ್ಕ ತಡ ಮಾಡ್ದ ಆಪರೇಷನ್ ಮಾಡಬೇಕು. ಇದು ವರ್ಷಗಟ್ಲೆ ಬೆಳಿಯೋದು, ಒಬ್ಬರಿಂದ ಒಬ್ಬರಿಗೆ ಹರಡಂಗಿಲ್ಲ, ಒಂದ ತಟ್ಟಿಯೊಳಗ ಉಂಡ್ರೂ ಏನೂ ಆಗಂಗಿಲ್ಲ. ಮಾಮಾನ್ನ ನೋಡಾಕ ಬರಾಕ ಹೆದರಿದವರಿಗೆ ನಾನು ಒಬ್ಬೊಬ್ಬರಿಗೆ ಫೋನ್ ಮಾಡಿ ಇದನ್ನ ಹೇಳ್ದೆ. ಎಲುಬಿಗೆ ಕ್ಯಾಂಡಿಡಾ, ಆಸ್ಪರ್‌ಜಿಲಸ್ ಅಂಥಾ ಫಂಗಸ್ಸೂ ಹತ್ತತಾವ, ಒಂದೊಂದಕ್ಕ ಔಷಧಿ ಬ್ಯಾರೆ, ಅವಸರಾನೂ ಬ್ಯಾರೆ, ಯಾವ ಫಂಗಸ್ ಅಂತ ಹೆಸರು ಗೊತ್ತಾಗೋದು ಅದಕ್ಕ ಅಷ್ಟ ಮುಖ್ಯ.

ಗುಳಿಗಿ ವಿಚಾರ. ಕೊಟ್ಟಿದ್ದು ಇಟ್ರಾಕೊನಜೋಲ್, 200 ಮಿಲಿಗ್ರಾಂ ಮುಂಜಾನಿ, 200 ರಾತ್ರಿ. ಮೊದ್ಲು ಊರಾಗ ಕೊಟ್ಟಿದ್ದ ಫ್ಲುಕೊನಜೋಲ್ ಈ ಫಂಗಸ್‌ಗೆ ನಾಟಂಗಿಲ್ಲ ಅಂತ ಆವಾಗ ಗೊತ್ತಾತು. ಇನ್ನೊಂದು ಗಾಬರಿ ಆಗೋ ಸಂಗತಿ, ಟಿಬಿ ಗುಳಿಗಿಯೊಳಗಿನ ರಿಫಾಂಪಿಸಿನ್ ಹೊಟ್ಟ್ಯಾಗ ಇದ್ರ ಇಟ್ರಾಕೊನಜೋಲ್ ರಕ್ತದಾಗ ನಿಲ್ಲಂಗೇ ಇಲ್ಲ, ಲಿವರ್ ಅದನ್ನ ಲಗೂನ ಕರಗಿಸಿಬಿಡ್ತದ, ಟಿಬಿ ಗುಳಿಗಿ ಬಿಟ್ಟ ಮ್ಯಾಲೂ ಒಂದೆರಡು ವಾರ ಅದರ ಪ್ರಭಾವ ಇರ್ತದ. ಅಂದ್ರ ಯಾರರ ಎರಡನ್ನೂ ಒಮ್ಮೆಲೆ ಕೊಟ್ಟಿದ್ರ ದುಬಾರಿ ಗುಳಿಗಿ ದುಡ್ಡು ನೀರಾಗ ಹೋಗ್ತಿತ್ತು. ಮೇಡಂ ಮೊದ್ಲು ಟಿಬಿ ಗುಳಿಗಿ ನಿಲ್ಲಿಸಿ, ಅಂತರ ಬಿಟ್ಟು, ಆಮ್ಯಾಲ ಇದನ್ನ ಚಾಲೂ ಮಾಡಿದ್ರು. ಚಾಲೂ ಮಾಡೋಕಿಂತ ಮುಂಚೆ ಲಿವರ್ ಟೆಸ್ಟು, ಹಾರ್ಟ್ ಎಕೋ ಎರಡೂ ಮಾಡಿಸಿದ್ರು, ಹಾರ್ಟ್ ಫೇಲ್ಯೂರ್ ಇದ್ದವರಿಗೆ ಈ ಗುಳಿಗಿ ತ್ರಾಸ ಕೊಡ್ತದ. ಮಾಮಾ ಕೊಲೆಸ್ಟ್ರಾಲ್ ಸಲುವಾಗಿ ತಗೊಳ್ತಿದ್ದ ಸ್ಟ್ಯಾಟಿನ್ನೂ ಬದಲಿ ಮಾಡಿದ್ರು, ಕೆಲವು ಸ್ಟ್ಯಾಟಿನ್ ಇದರ ಜೋಡಿ ಸೇರಿದ್ರ ಮಾಂಸಖಂಡಕ್ಕ ಪೆಟ್ಟು ಬೀಳ್ತದ.

ಈ ಕ್ಯಾಪ್ಸೂಲ್ ನುಂಗೋದಕ್ಕೂ ಒಂದು ರೀತಿ ಅದ. ಹೊಟ್ಟಿ ತುಂಬ ಉಂಡ ಮ್ಯಾಲೆ ತಗೋಬೇಕು, ಹೊಟ್ಟ್ಯಾಗ ಆಸಿಡ್ ಇದ್ರನ ಅದು ಕರಗಿ ರಕ್ತಕ್ಕ ಸೇರತದ, ಅದಕ್ಕ ಗ್ಯಾಸಿನ ಗುಳಿಗಿ ಜೋಡಿ ತಗೊಂಡ್ರ ಕೆಡ್ತದ. ನಮ್ಮಲ್ಲಿ ಗುಳಿಗಿ ನಾಲ್ಕು ಬರದ್ರ ಐದನೇದ್ದು ಪ್ಯಾಂಟೊಪ್ರಜೋಲ್ ಅನ್ನೋ ಗ್ಯಾಸಿನ ಗುಳಿಗಿ ತಾನಾಗೇ ಬರ್ತದ, ಕೇಳಲಾರದ ಬರ್ತದ. ಇಲ್ಲೂ ಡಿಸ್ಚಾರ್ಜ್ ಚೀಟಿಯೊಳಗ ಆರ್ಥೋ ಜೂನಿಯರ್ ಅದನ್ನ ಬರದಿದ್ರು, ದವಾಖಾನಿ ಔಷಧಿ ಕೌಂಟರಿನ ಫಾರ್ಮಾಸಿಸ್ಟ್ ಹುಡುಗಿ ಚೀಟಿ ನೋಡಿ ನಿಲ್ಲಿಸಿ ಮೇಡಂಗೆ ಫೋನ್ ಹಚ್ಚಿ ತಗಿಸಿದ್ಲು. ಆ ಹುಡುಗಿಗೆ ನಾನು ಅವತ್ತು ಕೈ ಮುಗಿದೆ, ಇಲ್ಲೂ ಥ್ಯಾಂಕ್ಸ್ ಹೇಳ್ತೀನಿ. ಇದೇ ಔಷಧಿಯ ಸಿರಪ್ ಇದ್ರ ಮಾತ್ರ ಉಲ್ಟಾ, ಅದನ್ನ ಖಾಲಿ ಹೊಟ್ಟಿಲೆ ತಗೋಬೇಕು, ಹಂಗಾಗಿ ಕ್ಯಾಪ್ಸೂಲ್ ಬದಲಿ ಸಿರಪ್, ಒಂದು ಬ್ರ್ಯಾಂಡ್ ಬದಲಿ ಇನ್ನೊಂದು ಅಂತ ಅಂಗಡಿಯವ್ರು ಕೊಟ್ಟಿದ್ದನ್ನ ಸುಮ್ನ ತಗೋಬ್ಯಾಡ್ರಿ, ಡಾಕ್ಟ್ರಿಗೆ ಕೇಳ್ರಿ. ಎರಡು ವಾರ ಆದ ಮ್ಯಾಲ ರಕ್ತದಾಗ ಔಷಧಿ ಎಷ್ಟದ ಅಂತ ಲೆವೆಲ್ ಟೆಸ್ಟ್ ಮಾಡಿದ್ರು, ಎಲ್ಲಾ ಲ್ಯಾಬಿನ್ಯಾಗ ಇದು ಆಗಂಗಿಲ್ಲ, ಸ್ಯಾಂಪಲ್ ಹೊರಗ ಹೋತು. ಮೊದಲನೇ ಸಲ ಲೆವೆಲ್ ಕಡಿಮಿ ಬಂತು, ಮಾಮಾ ರಾತ್ರಿ ಬರೇ ಒಂದು ರೊಟ್ಟಿ ಉಂಡು ಗುಳಿಗಿ ನುಂಗ್ತಿದ್ದ, ಊಟದ ಟೈಮ್ ಸರಿ ಮಾಡಿದ ಮ್ಯಾಲ ಲೆವೆಲ್ ಏರಿತು. ಈ ಟೆಸ್ಟ್ ಮಾಡಿಸಲಾರದ ಹೋಗಿದ್ರ ಗುಳಿಗಿ ನಡೆದಾವ ಅಂತ ನಾವು ಸಮಾಧಾನದಾಗ ಇರ್ತಿದ್ವಿ, ಒಳಗ ಫಂಗಸ್ ಬೆಳಿತಾ ಇರ್ತಿತ್ತು.

ಆಪರೇಷನ್ ಯಾಕ ಮೊದ್ಲ ಮಾಡಲಿಲ್ಲ ಅಂತ ಭಾಳ ಮಂದಿ ಕೇಳ್ತಾರ, ಮನ್ಯಾಗೂ ಇದೇ ಜಗಳ ಇತ್ತು. ಸರ್ಜನ್ ಹೇಳಿದ್ದು ಹಿಂಗ: ಈಗ ಕೊಯ್ದ್ರ ರೋಗ ಎಲ್ಲಿ ತನಕ ಅದ ಅಂತ ಗೆರೆ ಕಾಣಂಗಿಲ್ಲ, ಕಾಳು ಒಡೆದು ಅಕ್ಕಪಕ್ಕ ಹರಡ್ತಾವ, ಮತ್ತ ಬರ್ತದ. ಸುಮಾರು ಆರು ತಿಂಗಳು ಗುಳಿಗಿ ಕೊಟ್ರ ರೋಗ ಸಣ್ಣದಾಗಿ ಸುತ್ತಲೂ ಒಂದು ಗಟ್ಟಿ ಪದರ ಕಟ್ಕೊತದ, ಆವಾಗ ಪದರ ಸಮೇತ ಪೂರ್ತಿ ತೆಗಿಬಹುದು, ಕಾಲು ಉಳಿಸೋ ಅವಕಾಶ ಜಾಸ್ತಿ. ಸೂಡಾನ್ ದೇಶದ ಖಾರ್ಟೂಮಿನ್ಯಾಗ 2023ರಾಗ ಯುದ್ಧ ಸುರು ಆಗೋತನಕ ಈ ರೋಗಕ್ಕಂತನ ಒಂದು ದೊಡ್ಡ ಸೆಂಟರ್ ಇತ್ತು, ಅವರು ಸಾವಿರಾರು ಪೇಶಂಟ್ ನೋಡಿ ಕಂಡುಕೊಂಡ ದಾರಿ ಇದು. ಹಂಗಂತ ಬರೇ ಗುಳಿಗಿಯಿಂದ ಮುಗಿಸಾಕೂ ಆಗಂಗಿಲ್ಲ, ಸತ್ತ ಎಲುಬಿಗೆ ರಕ್ತ ಹೋಗಂಗಿಲ್ಲ, ರಕ್ತ ಹೋಗಲಾರದ ಕಡೆ ಔಷಧಿ ಹೆಂಗ ಹೋಗಬೇಕು, ಮ್ಯಾಲ ಆ ಕರಿ ಕಾಳಿಗೆ ತನ್ನದೇ ಒಂದು ಗಟ್ಟಿ ಕವಚ ಇರ್ತದ. ಗುಳಿಗಿ, ಆಮ್ಯಾಲ ಚಾಕು, ಆಮ್ಯಾಲ ಮತ್ತ ಗುಳಿಗಿ. ಇದನ್ನ ಅರ್ಥ ಮಾಡ್ಕೊಂಡ ಮ್ಯಾಲ ಮನಿಮಂದಿ ಜಗಳ ನಿಂತ್ವು.

ಆಪರೇಷನ್‌ಗೆ ಮುಂಚೆ ಕನ್ಸೆಂಟ್ ಫಾರ್ಮ್ ಮರಾಠಿ, ಹಿಂದಿ, ಇಂಗ್ಲಿಷಿನ್ಯಾಗ ಇತ್ತು. ವಾರ್ಡಿನ್ಯಾಗ ಬೆಳಗಾವಿ ಕಡೆಯ ಒಬ್ರು ಸಿಸ್ಟರ್ ಇದ್ರು, ತಮ್ಮ ಡ್ಯೂಟಿ ಮುಗಿದಿದ್ರೂ ನಿಂತು ಒಂದೊಂದು ಸಾಲು ಕನ್ನಡದಾಗ ಹೇಳಿದ್ರು. ಮಾಮಾ ಕೇಳಿದ್ದು ಒಂದೇ ಮಾತು, ಕಾಲು ತೆಗಿತೀರೇನು ಅಂತ. ಸರ್ಜನ್ ಸುತ್ತು ಬಳಸ್ದ ಹೇಳಿದ್ರು, ಪಾದ ಉಳಿತದ, ನಾಲ್ಕನೇ ಬೆರಳು ಅದರ ಹಿಂದಿನ ಎಲುಬಿನ ಸಂಗಟ ಹೋಗ್ತದ, ಒಳಗ ತೆರೆದು ನೋಡಿದಾಗ ಪಕ್ಕದ ಎಲುಬೂ ಕೆಟ್ಟಿದ್ರ ಅದನ್ನೂ ಕೆರೆದು ತೆಗಿಬೇಕು. ಮಾಮಾ ಆಯ್ತು ಅಂದ. ಇಂಥಾ ಖರೇ ಮಾತು ಹೇಳಿದ್ರ ಹಳ್ಳಿ ಮಂದಿ ತಡ್ಕೊತಾರ, ಮುಚ್ಚಿಟ್ರ ತಡ್ಕೊಳ್ಳಂಗಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ರು. ಹೇಳಿದಂಗ ಬೆರಳು ಹೋತು, ಮೂರನೇ ಬೆರಳಿನ ಎಲುಬು ಸ್ವಲ್ಪ ಕೆರೆದ್ರು, ತೆಗೆದಿದ್ದನ್ನೆಲ್ಲಾ ಮತ್ತ ಎರಡೂ ಲ್ಯಾಬಿಗೆ ಕಳಿಸಿದ್ರು, ಅಂಚಿನ್ಯಾಗ ಫಂಗಸ್ ಉಳದಿಲ್ಲ ಅಂತ ರಿಪೋರ್ಟ್ ಬಂದ ದಿನ ಮನ್ಯಾಗ ಹೋಳಿಗಿ ಮಾಡಿದ್ವಿ. ಗಾಯ ದೊಡ್ಡದಿತ್ತು, ತೊಡಿ ಚರ್ಮ ತೆಗೆದು ಹಚ್ಚಿದ್ರು. ಫಿಜಿಯೋದವ್ರು ಚಲೋ ಇದ್ರು, ಬೂಟಿನೊಳಗ ಹಾಕೋ ಮೆತ್ತನ್ನ ಫಿಲ್ಲರ್ ಅಳತಿ ಕೊಟ್ಟು ಮಾಡಿಸಿಕೊಟ್ರು.

ಈಗ ಕಡಿಮಿ ಆದ ಒಂದು ಮಾರ್ಕಿನ ಸುದ್ದಿ. ಓಪಿಡಿ ಕಾಯೋದು ಭಾಳ, ಅಪಾಯಿಂಟ್‌ಮೆಂಟ್ ಟೈಮಿಗೂ ಒಳಗ ಕರಿಯೋ ಟೈಮಿಗೂ ಸಂಬಂಧ ಇಲ್ಲ, ಕಾಲು ನೋಯೋರಿಗೆ ಕಾಲು ಚಾಚಿ ಕುಂಡ್ರಾಕ ಜಾಗ ಇಲ್ಲ. ಕಲ್ಚರ್ ರಿಪೋರ್ಟ್ ಒಂದು ಕಡೆ, ಬಯಾಪ್ಸಿ ರಿಪೋರ್ಟ್ ಇನ್ನೊಂದು ಕಡೆ, ಎರಡೂ ಕೌಂಟರಿಗೆ ನಾವೇ ಓಡಾಡಬೇಕು. ಡಿಸ್ಚಾರ್ಜ್ ದಿನ ಬಿಲ್ಲಿಗಾಗಿ ಮುಂಜಾನಿಯಿಂದ ಸಂಜಿ ತನಕ ಕುಂತಿದ್ವಿ. ಖರ್ಚಿನ ಅಂದಾಜು ಕೇಳಿದಾಗ ಆಪರೇಷನ್‌ದಷ್ಟೇ ಹೇಳಿದ್ರು, ಆದ್ರ ಈ ರೋಗದಾಗ ಆಪರೇಷನ್ ಖರ್ಚು ಒಂದು ಸಲ, ಗುಳಿಗಿ ಖರ್ಚು ತಿಂಗಳ ತಿಂಗಳ, ಲಿವರ್ ಟೆಸ್ಟು, ಲೆವೆಲ್ ಟೆಸ್ಟು, ಎಂಆರ್‌ಐ ಎಲ್ಲಾ ಬ್ಯಾರೆ. ಒಂದು ವರ್ಷದ ಪೂರ್ತಿ ಅಂದಾಜು ಮೊದಲ ದಿನಾನ ಬರೆದುಕೊಡಬೇಕು, ಇಲ್ಲದಿದ್ರ ಮಂದಿ ನಡುವ ಗುಳಿಗಿ ಬಿಟ್ಟುಬಿಡ್ತಾರ, ಬಿಟ್ರ ರೋಗ ಹೊಳ್ಳಿ ಬರ್ತದ. ಮಹಾರಾಷ್ಟ್ರದಾಗ ಟ್ರಸ್ಟ್ ದವಾಖಾನಿಗಳು 10 ಪರ್ಸೆಂಟ್ ಹಾಸಿಗಿ ತೀರಾ ಬಡವರಿಗೆ, 10 ಪರ್ಸೆಂಟ್ ಕಡಿಮಿ ಆದಾಯದವರಿಗೆ ಇಡಬೇಕು ಅಂತ ಹೈಕೋರ್ಟ್ ಮಾಡಿಸಿದ ಸ್ಕೀಮ್ ಅದ, ಇದನ್ನ ಯಾರೂ ತಾವಾಗಿ ಹೇಳಂಗಿಲ್ಲ, ಅಡ್ಮಿಟ್ ಆಗೋಕಿಂತ ಮುಂಚೆ ಮೆಡಿಕಲ್ ಸೋಶಿಯಲ್ ವರ್ಕರ್ ಎಲ್ಲಿ ಕುಂಡ್ರತಾರ ಅಂತ ಕೇಳ್ಕೊಂಡು ಹೋಗಿ ಮಾತಾಡ್ರಿ.

ಮಾಮಾ ಈಗ ಊರಾಗ ಅದಾನ, ತೋಟಕ್ಕ ಹೋಗ್ತಾನ, ಬೂಟ್ ಹಾಕ್ಕೊಂಡೇ ಹೋಗ್ತಾನ. ಗುಳಿಗಿ ಇನ್ನೂ ನಡೆದಾವ, ಪ್ರತಿ ತಿಂಗಳು ಲಿವರ್ ಟೆಸ್ಟ್ ವಿಜಯಪುರದಾಗ ಮಾಡಿಸಿ ರಿಪೋರ್ಟ್ ಫೋಟೋ ನನಗ ಕಳಿಸ್ತಾನ, ನಾನು ಮೇಡಂಗೆ ತೋರಿಸ್ತೀನಿ. ನಡುವ ಹಿಮ್ಮಡದ ಹತ್ರ ಬಾವು ಬಂದು ಎಲ್ಲಾರೂ ಹೆದರಿದ್ವಿ, ಅದು ರೋಗ ಅಲ್ಲ, ಇಟ್ರಾಕೊನಜೋಲ್‌ನಿಂದ ಕೆಲವರಿಗೆ ಕಾಲು ಬಾಯ್ತಾವಂತ, ಕೆಲವು ಬಿಪಿ ಗುಳಿಗಿ ಜೋಡಿ ಸೇರಿದ್ರ ಇನ್ನೂ ಜಾಸ್ತಿ ಅಂತ, ಬಿಪಿ ಗುಳಿಗಿ ಬದಲಿ ಮಾಡಿದ ಮ್ಯಾಲ ಇಳೀತು. ಮುಂದಿನ ಎಂಆರ್‌ಐ ಬಾಕಿ ಅದ, ಅದನ್ನ ನೋಡಿ ಗುಳಿಗಿ ಯಾವಾಗ ನಿಲ್ಲಸೋದು ಅಂತ ಹೇಳ್ತಾರ, ಅದಾದ ಮ್ಯಾಲೂ ಕೆಲವು ವರ್ಷ ತೋರಿಸ್ತಾ ಇರಬೇಕು ಅಂದಾರ.

ನಮ್ಮ ಕಡೆಯಿಂದ ಪುಣೆಗೆ ಯಾರರ ಇಂಥಾ ಪೇಶಂಟ್ ಕರಕೊಂಡು ಬರೋರಿದ್ರ ಬರೇ ರಿಪೋರ್ಟ್ ಕಾಗದ ಸಾಲಂಗಿಲ್ಲ, ಹಳೇ ಎಕ್ಸ್‌ರೇ, ಎಂಆರ್‌ಐ ಸಿಡಿ, ಬಯಾಪ್ಸಿ ಆಗಿದ್ರ ಅದರ ಸ್ಲೈಡ್ ಮತ್ತ ತುಣುಕು ಕೂಡಿಸಿಟ್ಟ ಮೇಣದ ಬ್ಲಾಕ್, ಈಗ ನುಂಗ್ತಿರೋ ಎಲ್ಲಾ ಗುಳಿಗಿಯ ಖಾಲಿ ಸ್ಟ್ರಿಪ್ ಸಮೇತ ತರ್ರಿ. ಕಾಲಿನ ಬ್ಯಾಂಡೇಜಿನ ಮ್ಯಾಲ ಕಾಳು ಬಿದ್ದಿದ್ರ ತೊಳೆದು ಬಿಸಾಡಬ್ಯಾಡ್ರಿ, ಆ ಬ್ಯಾಂಡೇಜನ್ನ ಹಂಗ ಮುಚ್ಚಿ ಡಾಕ್ಟ್ರಿಗೆ ತೋರಿಸ್ರಿ.